ಹಣ್ಣಿನ ತೋಟದಲ್ಲೊಂದು ಅರಬ್ಬೀ ನಾಣ್ಯ

ಅಮೆರಿಕ ಸಂಯುಕ್ತ ಸಂಸ್ಥಾನದ ಭೂಪಟವನ್ನು ಬಿಡಿಸಿ ನೋಡಿದರೆ, ಈಶಾನ್ಯದ ಅಂಚಿನಲ್ಲಿರುವ ರೋಡ್ ಐಲೆಂಡ್ ರಾಜ್ಯದ ಹೆಸರನ್ನು ನೆಲದ ಮೇಲೆ ಬರೆಯಲು ಜಾಗ ಸಾಲದೆ ಸಮುದ್ರದ ಮೇಲೆ ಬರೆದಿರುವುದು ಕಾಣುತ್ತದೆ. ಆ ದೇಶದ ಐವತ್ತು ರಾಜ್ಯಗಳಲ್ಲಿ ಅತಿ ಚಿಕ್ಕದು ಇದು. ಇಷ್ಟು ಚಿಕ್ಕ ನೆಲವನ್ನೂ ಕಡಲು ಸುಮ್ಮನೆ ಬಿಟ್ಟಿಲ್ಲ. ನ್ಯಾರಗ್ಯಾನ್ಸೆಟ್ ಎಂಬ ಕೊಲ್ಲಿ ಅದನ್ನು ಸೀಳಿಕೊಂಡು ಒಳನುಗ್ಗಿದೆ. ಕೊಲ್ಲಿಯ ಬಾಯಲ್ಲಿ ಅಕ್ವಿಡ್ನೆಕ್ ದ್ವೀಪ. ದ್ವೀಪದ ದಕ್ಷಿಣದ ತುದಿಯಲ್ಲಿ 1639ರಲ್ಲಿ ನೆಲೆಗೊಂಡ ನ್ಯೂಪೋರ್ಟ್ ಪಟ್ಟಣ, ಅದಕ್ಕೆ ಒತ್ತಿಕೊಂಡು ಮಿಡ್ಲ್‌ಟೌನ್ ಎಂಬ ಊರು. ಸಿರಿವಂತರ ಅರಮನೆಗಳನ್ನೂ ವಿಹಾರ ನೌಕೆಗಳನ್ನೂ ನೋಡಲು ಬರುವ ಪ್ರವಾಸಿಗಳು ನ್ಯೂಪೋರ್ಟಿನಲ್ಲಿಯೇ ಉಳಿದುಬಿಡುತ್ತಾರೆ. ಮಿಡ್ಲ್‌ಟೌನಿನ ಕಡೆಗೆ ತಿರುಗುವವರು ಹೆಚ್ಚಾಗಿ ಹಣ್ಣಿಗಾಗಿ ಬಂದವರು.

ಅಲ್ಲಿನ ಹೊಲಗಳ ನಡುವೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಮೊಣಕಾಲೆತ್ತರದ ಗೋಡೆಗಳು ಹರಿದಿವೆ. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಆ ಉಬ್ಬರದಲ್ಲಿ ಭೂಮಿ ತನ್ನ ಒಡಲಿನ ಕಲ್ಲುಗಳನ್ನು ವರ್ಷವರ್ಷವೂ ಮೇಲಕ್ಕೆ ನೂಕುತ್ತದೆ. ವಸಂತದಲ್ಲಿ ಉಳಲು ಹೋದ ರೈತ ಮೊದಲು ಅವನ್ನು ಆರಿಸಿ ಅಂಚಿಗೆ ಹಾಕಬೇಕು. ಮುನ್ನೂರು ವರ್ಷಗಳಿಂದ ಹೀಗೆ ಆರಿಸಿ ಹಾಕಿದ ಕಲ್ಲುಗಳೇ ಈ ಗೋಡೆಗಳು. ಗೋಡೆಗಳ ಒಳಗೆ ಸೇಬು, ಪೀಚ್, ಬೆರ್ರಿ ಹಣ್ಣುಗಳ ತೋಟಗಳು. ಸ್ವೀಟ್ ಬೆರ್ರಿ ಫಾರ್ಮ್ ಎಂಬುದು ಅವುಗಳಲ್ಲೊಂದು. ಸುಗ್ಗಿಯ ಕಾಲದಲ್ಲಿ ತಂದೆ ತಾಯಿ ಮಕ್ಕಳು ಬುಟ್ಟಿ ಹಿಡಿದು ಬಂದು, ತಾವೇ ಹಣ್ಣು ಕಿತ್ತು, ಹಣ ತೆತ್ತು ಹೋಗುತ್ತಾರೆ. ಆದರೆ ಇಂಥ ತೋಟಗಳಿಗೆ ಹಣ್ಣಿನ ಆಸೆಯಿಲ್ಲದೆ ಬರುವ ಇನ್ನೊಂದು ಬಗೆಯ ಜನರೂ ಇದ್ದಾರೆ. ಅವರ ಕಣ್ಣು ಕೊಂಬೆಯ ಮೇಲಿರುವುದಿಲ್ಲ, ನೆಲದ ಮೇಲಿರುತ್ತದೆ; ಕಿವಿಯಲ್ಲಿ ಶ್ರವಣಯಂತ್ರ, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ತಟ್ಟೆಯಂಥ ಬಿಲ್ಲೆ. ಗದ್ದೆಯ ಅಂಚಿನಲ್ಲಿ ಹುಲ್ಲು ಕೊಯ್ಯುವವರಂತೆ ಅದನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಹೆಜ್ಜೆಹೆಜ್ಜೆಯಾಗಿ ಸಾಗುತ್ತಾರೆ. ಇವರು ಲೋಹಶೋಧಕರು.

ಆ ಯಂತ್ರದ ಗುಟ್ಟು ಕಷ್ಟದ್ದೇನೂ ಅಲ್ಲ. ಬಿಲ್ಲೆಯೊಳಗಿನ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತ ಹರಿಯುತ್ತದೆ; ಅದರಿಂದ ನೆಲದೊಳಕ್ಕೆ ಕಾಂತಬಲ ಹಬ್ಬುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿಯೂ ಚಿಕ್ಕ ವಿದ್ಯುತ್ಪ್ರವಾಹವೆದ್ದು ಅದು ತನ್ನದೊಂದು ಕಾಂತಬಲವನ್ನು ಹಿಂದಿರುಗಿಸುತ್ತದೆ. ಎರಡನೆಯ ಸುರುಳಿ ಆ ಮರುದನಿಯನ್ನು ಹಿಡಿದು ಶಬ್ದವಾಗಿ ಕಿವಿಗೆ ಮುಟ್ಟಿಸುತ್ತದೆ. ಕಬ್ಬಿಣಕ್ಕೆ ಒಂದು ದನಿ, ಬೆಳ್ಳಿಗೆ ಇನ್ನೊಂದು. ನಾಣ್ಯದಷ್ಟು ಚಿಕ್ಕ ವಸ್ತುವಾದರೆ ಒಂದು ಗೇಣಿನ ಆಳದಾಚೆ ಅದರ ದನಿ ಕೇಳಿಸುವುದು ದುರ್ಲಭ. ದೂರವಾಣಿಯನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಒಂದು ಸಾಧನವನ್ನು ಹೊತ್ತುಕೊಂಡು 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡನ ಹಾಸಿಗೆಯ ಬಳಿಗೆ ಹೋಗಿದ್ದ. ಹಂತಕನ ಗುಂಡು ಅಧ್ಯಕ್ಷನ ಮೈಯಲ್ಲಿ ಎಲ್ಲಿದೆಯೆಂದು ಹುಡುಕುವುದು ಅವನ ಉದ್ದೇಶ. ಮಂಚದ ಉಕ್ಕಿನ ಸ್ಪ್ರಿಂಗುಗಳೂ ದನಿಗೂಡಿಸಿ ಕೆಲಸ ಕೆಡಿಸಿದವು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಅಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ಶೋಧಕವನ್ನು ಹಿಡಿದು ಸೈನಿಕರು 1942ರಲ್ಲಿ ಎಲ್ ಅಲಮೇನಿನ ಮರಳಿನಲ್ಲಿ ಶತ್ರುಗಳು ಹೂತಿಟ್ಟ ಸಿಡಿಗುಂಡುಗಳನ್ನು ಪತ್ತೆಹಚ್ಚಿದರು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಯಂತ್ರಗಳು ಪೇಟೆಗೆ ಬಂದವು. ಹವ್ಯಾಸಿಗಳ ಕೈ ಸೇರಿದವು.

ನಿಧಿಯೆಂದೊಡನೆ ಕೊಪ್ಪರಿಗೆಯನ್ನೂ ಅದನ್ನು ಕಾಯುವ ಸರ್ಪವನ್ನೂ ನೆನೆಯುವವರಿಗೆ ಇವರ ನಿತ್ಯದ ಗಳಿಕೆಯನ್ನು ಕಂಡರೆ ನಗು ಬಂದೀತು. ಸೀಸೆಯ ಮುಚ್ಚಳ, ಪಾನೀಯದ ಡಬ್ಬಿಯಿಂದ ಕಿತ್ತ ಉಂಗುರ, ಮುರಿದ ಲಾಳ, ತುಕ್ಕು ತಿಂದ ಮೊಳೆ: ದಿನವಿಡೀ ಅಗೆದರೂ ಇಷ್ಟೇ. ಭಾಗ್ಯ ತೆರೆದ ದಿನ ಹಿತ್ತಾಳೆಯ ಗುಂಡಿ, ಪಾದರಕ್ಷೆಯ ಬಕ್ಕಲು, ಸೀಸದ ಗುಂಡು ಸಿಗುತ್ತವೆ. ಅಕ್ವಿಡ್ನೆಕ್ ದ್ವೀಪದಲ್ಲಿ ಸೀಸದ ಗುಂಡಿಗೆ ಬರವಿಲ್ಲದಿರುವುದಕ್ಕೆ ಕಾರಣವಿದೆ. ಸ್ವಾತಂತ್ರ್ಯ ಸಮರದಲ್ಲಿ, 1776ರ ಡಿಸೆಂಬರಿನಿಂದ 1779ರ ಅಕ್ಟೋಬರಿನವರೆಗೆ, ನ್ಯೂಪೋರ್ಟ್ ಇಂಗ್ಲಿಷ್ ಸೈನ್ಯದ ವಶದಲ್ಲಿತ್ತು. 1778ರ ಆಗಸ್ಟಿನಲ್ಲಿ ಅಮೆರಿಕನ್ನರು ಮುತ್ತಿಗೆ ಹಾಕಿದಾಗ ಮಿಡ್ಲ್‌ಟೌನಿನ ಹೊಲಗಳೇ ಕದನದ ಸಾಲುಗಳಾಗಿದ್ದವು.

ನಾಣ್ಯ ಮಾತ್ರ ಅಪರೂಪ. ಆ ವಸಾಹತುಗಳಲ್ಲಿ ನಾಣ್ಯವೇ ಅಪರೂಪವಾಗಿತ್ತು. ಇಂಗ್ಲೆಂಡು ತನ್ನ ಬೆಳ್ಳಿಯನ್ನು ಕಡಲಾಚೆಗೆ ಕಳುಹಿಸಲು ಇಷ್ಟಪಡಲಿಲ್ಲ. ಜನ ಮುಸುಕಿನ ಜೋಳದಿಂದ, ಬೀವರ್ ಪ್ರಾಣಿಯ ತುಪ್ಪಳದಿಂದ, ಮೂಲನಿವಾಸಿಗಳು ಕಪ್ಪೆಚಿಪ್ಪಿನಿಂದ ಕೊರೆದ ಮಣಿಗಳಿಂದ ವ್ಯಾಪಾರ ಸಾಗಿಸಿದರು. ಮ್ಯಾಸಚೂಸೆಟ್ಸಿನವರು 1652ರಲ್ಲಿ ಬಾಸ್ಟನ್ನಿನಲ್ಲಿ ಟಂಕಸಾಲೆ ತೆರೆದು ಪೈನ್ ಮರದ ಮುದ್ರೆಯ ಷಿಲಿಂಗುಗಳನ್ನು ಹೊರಡಿಸಿದರು. ಮೂರು ದಶಕಗಳ ಕಾಲ ಟಂಕಿಸಿದರೂ ಬಹುಪಾಲು ನಾಣ್ಯಗಳ ಮೇಲೆ 1652 ಎಂಬ ಒಂದೇ ಇಸವಿಯನ್ನು ಒತ್ತಿದರು. ಇವುಗಳ ಜೊತೆಗೆ ಸ್ಪೇನಿನ ಬೆಳ್ಳಿಯ ಡಾಲರುಗಳು ಓಡಾಡುತ್ತಿದ್ದವು. ಚಿಲ್ಲರೆ ಬೇಕಾದಾಗ ರೊಟ್ಟಿಯನ್ನು ಹರಿದಂತೆ ಅವನ್ನೇ ತುಂಡರಿಸುತ್ತಿದ್ದರು. ಯಾವ ದೇಶದ ಬೆಳ್ಳಿಯಾದರೇನು, ತೂಕ ಸರಿಯಿದ್ದರೆ ಸಾಕು ಎಂಬ ಕಾಲ ಅದು. ಮುಂದಿನ ಕಥೆಗೆ ಈ ಮಾತು ನೆನಪಿನಲ್ಲಿರಬೇಕು.

2014ರಲ್ಲಿ ಜಿಮ್ ಬೈಲಿ ಎಂಬ ಹವ್ಯಾಸಿ ಇತಿಹಾಸಜ್ಞ ಸ್ವೀಟ್ ಬೆರ್ರಿ ತೋಟದಲ್ಲಿ ಯಂತ್ರ ಬೀಸುತ್ತಿದ್ದ. ವಸಾಹತು ಕಾಲದ ಕೆಲವು ನಾಣ್ಯಗಳು, ಹದಿನೆಂಟನೆಯ ಶತಮಾನದ ಒಂದು ಬಕ್ಕಲು, ಕೆಲವು ಗುಂಡುಗಳು ಅವನಿಗೆ ಅಲ್ಲಿ ಮೊದಲೇ ದೊರೆತಿದ್ದವು. ಈ ಸಲ ಯಂತ್ರ ಹೊರಡಿಸಿದ ದನಿ ಸಾಮಾನ್ಯವಾದುದಲ್ಲ. ಅಗೆದಾಗ ಬಂದದ್ದು ಕಪ್ಪಗಾದ ಒಂದು ಚಿಕ್ಕ ಬೆಳ್ಳಿಯ ಬಿಲ್ಲೆ. ಸ್ಪೇನಿನದೋ ಬಾಸ್ಟನ್ನಿನದೋ ಇರಬೇಕೆಂದು ಅವನು ತಿಳಿದ. ಆದರೆ ಮಣ್ಣು ಜಾರಿದಾಗ ಕಂಡ ಅಕ್ಷರಗಳು ಆ ಎರಡೂ ನಾಡಿನವಲ್ಲ, ಅರಬ್ಬೀ ಅಕ್ಷರಗಳು. ವಿಚಾರಿಸಿ ನೋಡಲಾಗಿ ಅದು 1693ರಲ್ಲಿ ಯೆಮನ್ ದೇಶದಲ್ಲಿ ಟಂಕಿಸಿದ ನಾಣ್ಯವೆಂದು ತಿಳಿಯಿತು. ಅಮೆರಿಕದ ವರ್ತಕರಿಗೆ ಅರಬ್ಬೀ ರೇವುಗಳೊಡನೆ ನೇರ ವ್ಯಾಪಾರವೇ ಇಲ್ಲದಿದ್ದ ಕಾಲದ ನಾಣ್ಯವದು! ಸಾವಿರಾರು ಮೈಲಿಗಳಾಚೆಯ ಆ ಬೆಳ್ಳಿ ಸೇಬಿನ ಗಿಡದ ಬುಡಕ್ಕೆ ಬಂದುದು ಹೇಗೆ?

ಉತ್ತರವನ್ನು ಹುಡುಕಲು ಅರಬ್ಬೀ ಸಮುದ್ರಕ್ಕೇ ಬರಬೇಕು. ಯೆಮನ್ ಅಂದು ಕಾಫಿಯ ನಾಡು. ಬಾಬಾ ಬುಡನ್ ಏಳು ಬೀಜಗಳನ್ನು ಅಡಗಿಸಿ ಚಂದ್ರದ್ರೋಣ ಪರ್ವತಕ್ಕೆ ತಂದನೆಂದು ಐತಿಹ್ಯ ಹೇಳುವುದೂ ಆ ಕರಾವಳಿಯಿಂದಲೇ. ಸೂರತ್ತಿನ ಹಡಗುಗಳು ವರ್ಷಕ್ಕೊಮ್ಮೆ ಹತ್ತಿಬಟ್ಟೆಯನ್ನೂ ಹಜ್ ಯಾತ್ರಿಕರನ್ನೂ ಹೊತ್ತು ಮೋಖಾ, ಜೆಡ್ಡಾಗಳಿಗೆ ಹೋಗಿ, ಬಟ್ಟೆ ಮಾರಿದ ಬೆಳ್ಳಿಬಂಗಾರದೊಡನೆ ಹಿಂದಿರುಗುತ್ತಿದ್ದವು. ಅವುಗಳಲ್ಲಿ ಹಿರಿಯದು ಔರಂಗಜೇಬ್ ಬಾದಷಹನ ಸ್ವಂತ ಹಡಗು, ಗಂಜ್-ಇ-ಸವಾಯಿ. ‘ಮಿಗಿಲಾದ ನಿಧಿ’ ಎಂದು ಆ ಹೆಸರಿನ ಅರ್ಥ. ಅದರಲ್ಲಿ 80 ಫಿರಂಗಿಗಳೂ 400 ಬಂದೂಕುಗಳೂ ಇದ್ದವೆಂದು ಚರಿತ್ರಕಾರ ಖಾಫಿ ಖಾನ್ ಬರೆದಿದ್ದಾನೆ.

1695ರ ಸೆಪ್ಟೆಂಬರ್ 7ರಂದು, ಸೂರತ್ತು ಇನ್ನು ಕೆಲವೇ ದಿನಗಳ ದಾರಿಯಿರುವಾಗ, ಹೆನ್ರಿ ಎವ್ರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ‘ಫ್ಯಾನ್ಸಿ’ ಎಂಬ ತನ್ನ ಹಡಗಿನಿಂದ ಅದನ್ನು ಅಡ್ಡಗಟ್ಟಿದ. ಮೊದಲಲ್ಲಿಯೇ ಮೊಗಲ್ ಹಡಗಿನ ಒಂದು ಫಿರಂಗಿ ಸಿಡಿದು ತನ್ನವರನ್ನೇ ಕೊಂದಿತು. ಶತ್ರುವಿನ ಗುಂಡಿಗೆ ನಡುಗಂಬ ಘಾಸಿಗೊಂಡಿತು. ಕಳ್ಳರು ಹತ್ತಿಬಂದರು. ಅನಂತರದ ದಿನಗಳನ್ನು ಕುರಿತು ಹೆಚ್ಚು ಬರೆಯಲು ಲೇಖನಿ ಹಿಂಜರಿಯುತ್ತದೆ. ಬಚ್ಚಿಟ್ಟ ಹಣಕ್ಕಾಗಿ ಯಾತ್ರಿಕರಿಗೆ ಚಿತ್ರಹಿಂಸೆಯಾಯಿತು. ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಮಾನಕ್ಕಂಜಿ ಕೆಲವರು ಕಡಲಿಗೆ ಹಾರಿದರೆಂದೂ ಕೆಲವರು ಇರಿದುಕೊಂಡರೆಂದೂ ಖಾಫಿ ಖಾನ್ ಹೇಳುತ್ತಾನೆ. ಲೂಟಿಯಾದ ಹಣ 52 ಲಕ್ಷ ರೂಪಾಯಿ ಎಂಬುದು ಅವನ ಲೆಕ್ಕ. ಇಂಗ್ಲಿಷರು ಅದಕ್ಕಿಂತ ಕಡಿಮೆ ಲೆಕ್ಕ ಹೇಳಿದರು. ಪಶ್ಚಿಮದಲ್ಲಿ ಎವ್ರಿಯನ್ನು ಕುರಿತು ಹುಟ್ಟಿದ ಹಾಡು ನಾಟಕಗಳು ಅವನನ್ನು ‘ಕಡಲ್ಗಳ್ಳರ ರಾಜ’ನೆಂದು ಮೆರೆಸಿವೆ. ಆ ಹಡಗಿನಲ್ಲಿದ್ದವರ ಕಡೆಯಿಂದ ಯಾರಾದರೂ ಹಾಡು ಕಟ್ಟಿದ್ದರೆ ಅದರ ಧಾಟಿ ಬೇರೆಯಾಗಿರುತ್ತಿತ್ತು.

ಬಾದಷಹ ಆಗ ದಿಲ್ಲಿಯಲ್ಲಿರಲಿಲ್ಲ. ಬಿಜಾಪುರವನ್ನು ಗೆದ್ದು ಒಂಬತ್ತು ವರ್ಷಗಳಾಗಿದ್ದರೂ ಮರಾಠರ ಯುದ್ಧ ಮುಗಿಯದೆ, ಎಪ್ಪತ್ತಾರರ ಆ ಮುದುಕ ಮಂಗಳವೇಡೆಗೆ ಸಮೀಪದಲ್ಲಿ, ಭೀಮಾ ತೀರದ ಬ್ರಹ್ಮಪುರಿಯಲ್ಲಿ ಪಾಳೆಯ ಬಿಟ್ಟಿದ್ದ. ಸೂರತ್ತಿನಲ್ಲಿ ಜನ ರೊಚ್ಚಿಗೆದ್ದರು. ಅಲ್ಲಿನ ಅಧಿಕಾರಿ ಈಸ್ಟ್ ಇಂಡಿಯಾ ಕಂಪನಿಯವರನ್ನು ಸೆರೆಯಲ್ಲಿಟ್ಟ. ವ್ಯಾಪಾರವೇ ಮುಳುಗುವ ಭಯದಿಂದ ಇಂಗ್ಲೆಂಡು ಎವ್ರಿಯ ತಲೆಗೆ 500 ಪೌಂಡ್ ಬಹುಮಾನ ಸಾರಿತು. ಅದು ಬಳಿಕ ಸಾವಿರಕ್ಕೇರಿತು. ಕಡೆಗೆ ಸಿಕ್ಕಿದವರು ಅವನ ಕೆಲವು ಸಂಗಡಿಗರು ಮಾತ್ರ. 1696ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ನಡೆದ ವಿಚಾರಣೆಯಲ್ಲಿ ಯಾತ್ರಿಕರ ಹಡಗನ್ನು ದೋಚಿದ ಆಪಾದನೆಯಿಂದ ಪಂಚಾಯಿತರು ಅವರನ್ನು ಖುಲಾಸೆ ಮಾಡಿದರು! ಸರಕಾರ ಕಂಗಾಲಾಗಿ, ಇಂಗ್ಲಿಷ್ ಒಡೆಯರ ಹಡಗನ್ನೇ ಅಪಹರಿಸಿದರೆಂಬ ಬೇರೊಂದು ಆಪಾದನೆ ಹೊರಿಸಿ ಐವರನ್ನು ಗಲ್ಲಿಗೇರಿಸಿತು. ನೇಣಿಗೆ ಕಾರಣವಾದುದು ಹಡಗಿನ ಕಳವು, ಯಾತ್ರಿಕರ ಗೋಳಲ್ಲ.

ಎವ್ರಿ ಬಹಾಮಾ ದ್ವೀಪಗಳಿಗೆ ಬಂದು, ಅಲ್ಲಿನ ಗವರ್ನರನ ಕೈಗೆ ಹಡಗನ್ನು ಒಪ್ಪಿಸಿ ಮಾಯವಾದ. ಐರ್ಲೆಂಡಿನತ್ತ ಹೋದನೆಂದು ಹಳೆಯ ಗ್ರಂಥಗಳು ಹೇಳುತ್ತಿದ್ದವು. ಬೈಲಿ ಹಳೆಯ ಕಾಗದಪತ್ರಗಳಲ್ಲಿ ಕಂಡುಕೊಂಡ ಹಾದಿ ಬೇರೆ. ಎವ್ರಿಯ ತಂಡ ಬಳಿಕ ಏರಿದ ‘ಸೀ ಫ್ಲವರ್’ ಎಂಬ ನೌಕೆ ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಸಾಗಿ, 1696ರಲ್ಲಿ ನ್ಯೂಪೋರ್ಟಿಗೆ ಬಂತು. ಅದರಲ್ಲಿ ನಾಲ್ಕು ಡಜನ್ನಿಗೆ ಸ್ವಲ್ಪ ಕಡಿಮೆಯಷ್ಟು ಮಂದಿ ಆಫ್ರಿಕದ ಗುಲಾಮರಿದ್ದರು. ಕಡಲ್ಗಳ್ಳನನ್ನು ಜಗತ್ತೆಲ್ಲ ಅರಸುತ್ತಿತ್ತು. ಗುಲಾಮರ ವ್ಯಾಪಾರಿಯನ್ನು ಯಾವ ರೇವೂ ತಡೆಯುತ್ತಿರಲಿಲ್ಲ. ಮನುಷ್ಯರನ್ನು ಕೊಂಡು ಮಾರುವವನೆಂದು ಹೇಳಿಕೊಳ್ಳುವುದೇ ಆ ಕಾಲದಲ್ಲಿ ಮರ್ಯಾದೆಯ ಮುಸುಕಾಗಿತ್ತು. ಅದೇ ನ್ಯೂಪೋರ್ಟ್ ಮುಂದಿನ ಶತಮಾನದಲ್ಲಿ ಉತ್ತರ ಅಮೆರಿಕದ ಗುಲಾಮ ವ್ಯಾಪಾರದ ದೊಡ್ಡ ನೆಲೆಯಾಯಿತು. ಊರಿನ ಹಳೆಯ ರುದ್ರಭೂಮಿಯ ಒಂದು ಮೂಲೆಯಲ್ಲಿ ಆಫ್ರಿಕನ್ನರ ಗೋರಿಕಲ್ಲುಗಳು ಇಂದಿಗೂ ನಿಂತಿವೆ.

ಬೈಲಿಯ ವಾದವನ್ನು ಸಂದೇಹಿಸಲು ಎಡೆಯಿಲ್ಲವೆಂದಲ್ಲ. ನ್ಯೂಪೋರ್ಟಿನವನೇ ಆದ ಥಾಮಸ್ ಟ್ಯೂ ಎಂಬ ಇನ್ನೊಬ್ಬ ಕಡಲ್ಗಳ್ಳ ಎವ್ರಿಗಿಂತ ಮೊದಲೇ ಕೆಂಪು ಸಮುದ್ರದ ಕಡೆಯಲ್ಲಿ ಲೂಟಿ ಹೊಡೆದು 1694ರಲ್ಲಿ ಊರಿಗೆ ಮರಳಿದ್ದ. ಮತ್ತೆ ಹೊರಟು 1695ರಲ್ಲಿ ಎವ್ರಿಯ ಜೊತೆಗೂಡಿ ಸತ್ತ. ಒಂದೇ ನಾಣ್ಯವಾಗಿದ್ದರೆ ಯಾರದೆಂದು ಹೇಳಬಹುದಿತ್ತು? ಆದರೆ ಒಂದರ ಸುದ್ದಿ ಹರಡಿದ ಮೇಲೆ ಇತರ ಶೋಧಕರಿಗೆ ದೊರೆತವೂ ಬೆಳಕಿಗೆ ಬಂದವು. ಅದೇ ಕಾಲದ ಅರಬ್ಬೀ ನಾಣ್ಯಗಳು ಮ್ಯಾಸಚೂಸೆಟ್ಸಿನಲ್ಲಿ ಹತ್ತು, ರೋಡ್ ಐಲೆಂಡಿನಲ್ಲಿ ಇನ್ನೂ ಮೂರು, ಕನೆಕ್ಟಿಕಟ್ಟಿನಲ್ಲಿ ಎರಡು. ಇನ್ನೊಂದು ದೂರದ ಉತ್ತರ ಕ್ಯಾರೊಲೈನದಲ್ಲಿ. ಈ ಕೊನೆಯದು ಮುಖ್ಯ: ಎವ್ರಿಯ ಕೆಲವು ಮಂದಿ ಮೊದಲು ದಡ ಸೇರಿದ್ದು ಅಲ್ಲೇ ಎಂದು ದಾಖಲೆಗಳಿವೆ. ಇಂಥ ಬಿಡಿ ನಾಣ್ಯಗಳನ್ನು ಊರಿಂದೂರಿಗೆ ಜೋಡಿಸಿದಾಗ ಓಡಿಹೋದವರ ಹೆಜ್ಜೆಗುರುತು ಮೂಡುತ್ತದೆ.

ಈ ಹೆಜ್ಜೆಗುರುತು ಮೂಡುವುದು ನಾಣ್ಯ ಸಿಕ್ಕ ಜಾಗ ತಿಳಿದಾಗ ಮಾತ್ರ. ಆ ಬಿಲ್ಲೆಯನ್ನು ಕದ್ದು ಅಗೆದು ಪೇಟೆಯಲ್ಲಿ ಮಾರಿದ್ದರೆ ಅದು ಯೆಮನ್ನಿನ ಒಂದು ಸಾಧಾರಣ ಬೆಳ್ಳಿ. ಅಂಥವು ಸಂಗ್ರಾಹಕರಿಗೆ ದುರ್ಲಭವಲ್ಲ. ಪುರಾತತ್ತ್ವಜ್ಞರಿಗೂ ಶೋಧಕರಿಗೂ ಬಹುಕಾಲದಿಂದಿರುವ ಜಗಳದ ಬೇರು ಇದೇ. ಅಮೆರಿಕದಲ್ಲಿ ಖಾಸಗಿ ನೆಲದಲ್ಲಿ ಒಡೆಯನ ಅಪ್ಪಣೆ ಪಡೆದು ಅಗೆಯಬಹುದು. ಕೇಂದ್ರ ಸರಕಾರದ ನೆಲದಲ್ಲಿ ನೂರು ವರ್ಷ ಮೀರಿದ ಪುರಾತನ ವಸ್ತುಗಳನ್ನು ಪರವಾನಗಿಯಿಲ್ಲದೆ ತೆಗೆಯುವುದು 1979ರ ಕಾನೂನಿನಂತೆ ಅಪರಾಧ. ಭಾರತದಲ್ಲಿಯಾದರೋ 1878ರಷ್ಟು ಹಿಂದೆಯೇ, ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕವನು ಕಲೆಕ್ಟರಿಗೆ ತಿಳಿಸತಕ್ಕದ್ದೆಂದು ಕಾನೂನಾಯಿತು. ಹಾಗಿದ್ದರೂ ನಿಧಿಯಾಸೆಗೆ ಹಾಳು ಗುಡಿಗಳ ಪೀಠಗಳನ್ನು ರಾತ್ರೋರಾತ್ರಿ ಕಿತ್ತೆಸೆಯುವ ಸುದ್ದಿ ಇಲ್ಲಿ ಹೊಸದಲ್ಲ. ಹಾಗೆ ಕಿತ್ತ ಕಡೆ ನಿಧಿಯೂ ಇಲ್ಲ, ಚರಿತ್ರೆಯೂ ಉಳಿಯುವುದಿಲ್ಲ.

ಕನೆಕ್ಟಿಕಟ್ಟಿನ ಎರಡು ನಾಣ್ಯಗಳಲ್ಲಿ ಒಂದು 2018ರಲ್ಲಿ ದೊರೆತದ್ದು ಹದಿನೇಳನೆಯ ಶತಮಾನದ ಒಂದು ಬೇಸಾಯಗಾರನ ಮನೆಯ ನಿವೇಶನದಲ್ಲಿ. ಅಲ್ಲಿ ಪುರಾತತ್ತ್ವಜ್ಞರು ಕ್ರಮವಾಗಿ ಉತ್ಖನನ ನಡೆಸುತ್ತಿದ್ದರು. ಯೆಮನ್ನಿನ ಬೆಳ್ಳಿ ಅಲ್ಲಿ ಕಳ್ಳನ ಗಂಟಿನಲ್ಲಿರಲಿಲ್ಲ. ಒಕ್ಕಲುತನದ ಮನೆಯೊಂದರ ನೆಲದಲ್ಲಿತ್ತು. ಉಪ್ಪಿಗೋ, ಬಟ್ಟೆಗೋ, ಹಸುವಿಗೋ ಬೆಲೆಯಾಗಿ ಕೈಯಿಂದ ಕೈಗೆ ದಾಟಿ ಬಂದಿರಬೇಕು. ಅದನ್ನು ಬೀಳಿಸಿಕೊಂಡ ದಿನ ಆ ಮನೆಯವರು ದೀಪ ಹಿಡಿದು ಬಹಳ ಹೊತ್ತು ಹುಡುಕಿರಲೂಬಹುದು. ಆ ನಾಡಿನಲ್ಲಿ ಬೆಳ್ಳಿ ಅಷ್ಟು ದುರ್ಲಭ.