ಎದುರುಬದುರು ಕನ್ನಡಿ

ಭದ್ರಾವತಿಯ ಆ ಕ್ಷೌರದಂಗಡಿಯಲ್ಲಿ ಮುಂದೊಂದು, ಹಿಂದೊಂದು ಕನ್ನಡಿ. ಅಪ್ಪನ ಜೊತೆ ಹೋಗುತ್ತಿದ್ದ ಹುಡುಗನಿಗೆ ಕನ್ನಡಿಯೊಳಗೊಂದು ಅಂಗಡಿ, ಅದರ ಕನ್ನಡಿಯೊಳಗೆ ಮತ್ತೊಂದು ಅಂಗಡಿ ಕಾಣುತ್ತಿತ್ತು. ಎಣಿಸಲು ಹೊರಟರೆ ಏಳೆಂಟಕ್ಕೇ ಸೋಲು. ‘ಕೊನೆ ಎಲ್ಲಪ್ಪಾ?’ ಎಂದರೆ, ‘ಕೊನೆ ಗಿನೆ ಇಲ್ಲ ಮಗಾ, ಕತ್ತು ನೆಟ್ಟಗಿಟ್ಕೊ’ ಎಂಬ ಉತ್ತರ.

ಹುಡುಗ ದೊಡ್ಡವನಾದ. ಅಪ್ಪ ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕೂಸಾದ, 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದರು. ಮಗ ಶಿವಮೊಗ್ಗದ ಕಾಲೇಜೊಂದರಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿಗೆ ಸೇರಿದ. ದಿನವೂ ಸುಮಾರು 20 ಕಿಲೋಮೀಟರ್ ಬಸ್ ಪ್ರಯಾಣ.

ಕಾಲೇಜಿನಲ್ಲಿ ಡೈರೆಕ್ಟರಿ ಸರ್ವರ್ ಎಂಬುದೊಂದಿತ್ತು. ಯಾರು ಯಾವ ತರಗತಿ, ಯಾವ ಗುಂಪು, ಯಾರಿಗೆ ಯಾವ ಕೋಣೆಯ ಯಂತ್ರ ತೆರೆಯುವ ಅನುಮತಿ ಎಂದು ಬರೆದಿಟ್ಟುಕೊಂಡ ಹಾಜರಿ ಪುಸ್ತಕ ಎನ್ನಿ. 1993ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು ರೂಪಿಸಿದ ‘ಎಲ್‌ಡ್ಯಾಪ್’ ಎಂಬ ಪದ್ಧತಿಯಲ್ಲೇ ಇಂಥ ಎಷ್ಟೋ ಸರ್ವರ್‌ಗಳು ಮಾತನಾಡುತ್ತವೆ. ಈ ಪುಸ್ತಕ ಮುಚ್ಚಿತೆಂದರೆ ಇಡೀ ಕಾಲೇಜಿನ ಕಂಪ್ಯೂಟರ್‌ಗಳಿಗೆ ಯಾರ ಗುರುತೂ ಸಿಗದು.

ಆಂತರಿಕ ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಅದು ಬೀಳತೊಡಗಿತು. ಎಬ್ಬಿಸಿದರೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬೀಳುತ್ತದೆ. ಕರೆಂಟಿನ ದೋಷವೆಂದರು, ವೈರಸ್ ಎಂದರು. ಮೆಮೊರಿ ಸಾಲದೆಂದು ಅವನು ಮಿತಿ ಹೆಚ್ಚಿಸಿ ನೋಡಿದ. ಬೀಳುವುದು ಕಣ್ಣುಮಿಟುಕಿಸುವಷ್ಟು ತಡವಾಯಿತು, ಅಷ್ಟೆ.

ಅಷ್ಟರಲ್ಲಿ ಯಾರೋ ಒಂದು ಸಂಗತಿ ಗಮನಿಸಿದರು. ಕೊನೆಯ ವರ್ಷದ ಇಬ್ಬರು ಹುಡುಗರು ಲಾಗಿನ್ ಆದಾಗಲೇ ಸರ್ವರ್ ಬೀಳುತ್ತಿತ್ತು. ‘ಇವರದೇ ಕಿತಾಪತಿ’ ಎಂದು ಇಬ್ಬರನ್ನೂ ಲ್ಯಾಬಿನಿಂದ ಹೊರಗಿಟ್ಟದ್ದಾಯಿತು. ‘ಮನೆಯವರನ್ನು ಕರೆತನ್ನಿ’ ಎಂಬ ಆಜ್ಞೆಯೂ ಆಯಿತು.

ಅಂದು ಸಂಜೆ ಅವನು ಬಸ್ಸು ಬಿಟ್ಟು ಅಲ್ಲೇ ಕುಳಿತ. ಸರ್ವರ್ ಸಾಯುವ ಕ್ಷಣದಲ್ಲಿ ಉಳಿಸಿಹೋದ ಮೆಮೊರಿಯ ಪ್ರತಿಯನ್ನು ತೆರೆದು, ಯಾವ ಆಜ್ಞೆ ಯಾವುದನ್ನು ಕರೆಯಿತೆಂಬ ಸರಪಳಿಯನ್ನು ನೋಡಿದ. ಪರದೆಯ ತುಂಬ ಒಂದೇ ಹೆಸರು. ಪುಟ ತಿರುವಿದಷ್ಟೂ ಅದೇ ಹೆಸರು. ಕ್ಷೌರದಂಗಡಿಯ ಕನ್ನಡಿ ನೆನಪಾಯಿತು.

ತನ್ನನ್ನು ತಾನೇ ಕರೆದುಕೊಳ್ಳುವ ಆಜ್ಞೆಗೆ ‘ರಿಕರ್ಷನ್’ ಎನ್ನುತ್ತಾರೆ. ಅದು ತಪ್ಪಲ್ಲ. 5ರ ಫ್ಯಾಕ್ಟೋರಿಯಲ್ ಬೇಕೆಂದರೆ 4ರದನ್ನು ಕೇಳುತ್ತೇವೆ, ಅದು 3ರದನ್ನು ಕೇಳುತ್ತದೆ. 1 ಬಂದಾಗ ನಿಲ್ಲುತ್ತೇವೆ. ನಿಲ್ಲುವ ಜಾಗ ಇರಬೇಕು, ಅಷ್ಟೆ. ಪ್ರತಿ ಕರೆಗೂ ಕಂಪ್ಯೂಟರ್ ‘ಸ್ಟ್ಯಾಕ್’ ಎಂಬ ಜಾಗದಲ್ಲಿ ಒಂದಿಷ್ಟು ಮೆಮೊರಿ ಕೊಡುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇದರ ಮಿತಿ 8 ಮೆಗಾಬೈಟ್. ಒಂದು ಕರೆಗೆ ಅರ್ಧ ಕಿಲೋಬೈಟ್ ಎಂದುಕೊಂಡರೂ 16 ಸಾವಿರ ಚಿಲ್ಲರೆ ಕರೆಗಳಿಗೆ ಜಾಗ ಮುಗಿಯಿತು. ಆಮೇಲೆ ಸರ್ವರ್‌ಗೆ ಸಾವೇ ಗತಿ.

ಇಲ್ಲಿ ನಿಲ್ಲದೇ ಹೋದದ್ದೇಕೆ? ಆ ಇಬ್ಬರು ‘ಪ್ರಾಜೆಕ್ಟ್’ ಗುಂಪಿನವರು. ಆ ಗುಂಪನ್ನು ‘ಸಂಜೆ ಲ್ಯಾಬ್’ ಎಂಬ ಹೊಸ ಗುಂಪಿನೊಳಗೆ ಸೇರಿಸಲಾಗಿತ್ತು. ಮಾರನೆಯ ದಿನ ಗಡಿಬಿಡಿಯಲ್ಲಿ ‘ಸಂಜೆ ಲ್ಯಾಬ್’ ಅನ್ನೂ ‘ಪ್ರಾಜೆಕ್ಟ್’ನೊಳಗೆ ಸೇರಿಸಲಾಗಿತ್ತು. ಈ ಟೇಬಲ್ಲಿನ ಗುಮಾಸ್ತರು ಆ ಟೇಬಲ್ಲಿಗೆ, ಆ ಟೇಬಲ್ಲಿನವರು ಈ ಟೇಬಲ್ಲಿಗೆ ಅಟ್ಟಿದರೆ ಅರ್ಜಿದಾರನ ಪಾಡು ಏನಾದೀತು? ಸರ್ವರಿನ ಪಾಡೂ ಅದೇ ಆಗಿತ್ತು.

ಗುಂಪುಗಳನ್ನು ಹಾಗೆ ಹೆಣೆದದ್ದು ಯಾರೆಂದು ದಾಖಲೆ ನೋಡಿದ. ಅವನದೇ ಹೆಸರು. ಗುಂಪುಗಳನ್ನು ಹುಡುಕುವ ಆ ಪುಟ್ಟ ಪ್ರೋಗ್ರಾಮನ್ನು ಬರೆದು ಸರ್ವರಿಗೆ ಜೋಡಿಸಿದವನೂ ಅವನೇ.

ಒಂದು ಗಂಟು ಬಿಚ್ಚಿದರೆ ಸಾಕು, ಸರ್ವರ್ ಸುಮ್ಮನಾಗುತ್ತದೆ. ಯಾರಿಗೂ ತಿಳಿಯುವುದಿಲ್ಲ. ಆದರೆ ಹುಡುಗರ ಮೇಲಿನ ಅಪವಾದ ಹಾಗೇ ಉಳಿಯುತ್ತದೆ. ಅವರು ಹೊರಹೋದ ಮೇಲೇ ಸರಿಯಾಯಿತು ಎಂದು ಇನ್ನಷ್ಟು ಗಟ್ಟಿಯೂ ಆಗುತ್ತದೆ.

ಕೊನೆಯ ಬಸ್ಸಿಗೆ ಮನೆ ಸೇರಿದ. ಅಪ್ಪ ಎದ್ದೇ ಇದ್ದರು. ಎಲ್ಲ ಕೇಳಿಸಿಕೊಂಡು, ‘ಪಾಳಿ ಮುಗಿಸಿ ಹೊರಡುವಾಗ ಏನು ಕೆಟ್ಟಿದೆ ಅಂತ ಪುಸ್ತಕದಲ್ಲಿ ಬರೆದಿಡ್ತಿದ್ವಿ ಕಣೋ. ಬರೀದೆ ಹೋದರೆ ಮುಂದಿನ ಪಾಳಿಯವನ ಕೈ ಸುಡ್ತಿತ್ತು’ ಎಂದರು. ಬೇರೇನೂ ಹೇಳದೆ ಮಲಗಿದರು.

ಬೆಳಿಗ್ಗೆ ಅವನು ಮೊದಲು ಮುಖ್ಯಸ್ಥರ ಕೋಣೆಗೆ ಹೋದ. ‘ಹುಡುಗರದು ತಪ್ಪಿಲ್ಲ ಸಾರ್, ನನ್ನದು’ ಎಂದ. ಬೈಗುಳ ಬಿತ್ತು, ಲಿಖಿತ ವಿವರಣೆ ಕೇಳಿದರು. ಹುಡುಗರು ಮಧ್ಯಾಹ್ನವೇ ಲ್ಯಾಬಿಗೆ ಬಂದರು.

ಆಮೇಲೆ ಪ್ರೋಗ್ರಾಮ್ ತಿದ್ದಿದ. ನೋಡಿದ ಗುಂಪಿನ ಹೆಸರನ್ನು ಪಟ್ಟಿಯಲ್ಲಿ ಬರೆದುಕೊಳ್ಳುವುದು. ಪಟ್ಟಿಯಲ್ಲಿದ್ದರೆ ಮತ್ತೆ ಒಳಹೋಗದಿರುವುದು. ಇಷ್ಟು ಆಳಕ್ಕಿಂತ ಮುಂದೆ ಇಳಿಯದಿರುವುದು. ಗುಂಪಿನ ಗಂಟನ್ನು ಬಿಚ್ಚಿದ. ಅದೇ ಗಂಟನ್ನು ಬೇರೊಂದು ಯಂತ್ರದಲ್ಲಿ ಬೇಕೆಂದೇ ಹಾಕಿ ಪರೀಕ್ಷಿಸಿದ. ಯಂತ್ರ ಬೀಳಲಿಲ್ಲ.

ಪರೀಕ್ಷೆಯ ದಿನ ಆ ಇಬ್ಬರು ಲಾಗಿನ್ ಆಗುವಾಗ ಅವನು ಬಾಗಿಲ ಬಳಿ ನಿಂತಿದ್ದ. ಏನೂ ಆಗಲಿಲ್ಲ. ಅವರಲ್ಲೊಬ್ಬ ತಿರುಗಿ ನೋಡಿ, ‘ಸಾರ್, ಆ ಪ್ರೋಗ್ರಾಮ್ ನಮಗೂ ತೋರಿಸ್ತೀರಾ?’ ಎಂದ.