ತಲಶ್ಶೇರಿಯಲ್ಲಿ ಕಲಿತ ಕೇಕಿನ ಲೆಕ್ಕ

ಕ್ರಿಸ್ಮಸ್ ಬಂತೆಂದರೆ ನಮ್ಮ ವಾಳೆಯ 32 ಮನೆಗಳಿಗೂ ಒಂದೊಂದು ಕೇಕು ಕಳುಹಿಸುವುದು ದೊಡ್ಡಮ್ಮನ ಬಹುಕಾಲದ ಪದ್ಧತಿ. ಕುಸ್ವಾರ್ ಎಲ್ಲರ ಮನೆಯಲ್ಲೂ ಆಗುತ್ತದಲ್ಲ ಎಂದು ನೀವು ಕೇಳಬಹುದು. ಆದರೆ ಸಾವು ಸಂಭವಿಸಿದ ಮನೆಯಲ್ಲಿ ಆ ವರ್ಷ ಬಾಣಲೆ ಏರುವುದಿಲ್ಲ. ಮಕ್ಕಳೆಲ್ಲ ಗಲ್ಫಿನಲ್ಲಿರುವ ಮನೆಯ ಮುದುಕರಿಗೆ ಮಾಡಿಕೊಡುವವರಿಲ್ಲ. ಎಲ್ಲ ಮನೆಗೂ ಕೊಟ್ಟರೆ ಇಲ್ಲದವರಿಗೆ ಕೊಟ್ಟಂತೆ ಕಾಣುವುದಿಲ್ಲ ಎಂಬುದು ದೊಡ್ಡಮ್ಮನ ಲೆಕ್ಕ.

ಕಳೆದ ಬಾರಿ ಆ ಲೆಕ್ಕ ತಪ್ಪಿತು. ಮದುವೆ ಊಟಕ್ಕೆ ಅನ್ನ ಬೇಯಿಸುವ ದೊಡ್ಡ ಪಾತ್ರೆಯಲ್ಲಿ 4 ಕಿಲೋ ಬೆಣ್ಣೆ, 4 ಕಿಲೋ ಸಕ್ಕರೆ ಹಾಕಿ, ಫ್ರಿಜ್‌ನಿಂದ ಆಗ ತಾನೇ ತೆಗೆದ 80 ಮೊಟ್ಟೆಗಳನ್ನು ಒಟ್ಟಿಗೆ ಸುರಿದೆವು. ಮಿಶ್ರಣ ಒಡೆದು ಮೊಸರಿನಂತಾಯಿತು. ಮೈದಾ ಹಾಕಿ ಸರಿಮಾಡೋಣವೆಂದು ಕೈ ಸೋಲುವವರೆಗೂ ತಿರುವಿದೆವು. ಓವನ್ ಒಂದೇ, ಅದರಲ್ಲಿ ಹಿಡಿಯುವುದು ನಾಲ್ಕು ಅಚ್ಚು. ಉಳಿದ ಹಿಟ್ಟು ಸಂಜೆಯವರೆಗೆ ಕಾಯಿತು. ಕೊನೆಯ ಕೇಕುಗಳು ನಡುವೆ ಕುಸಿದು ಇಟ್ಟಿಗೆಯಂತಾದವು. "ಇನ್ನು ಮುಂದೆ ಬೇಕರಿಯಿಂದ ತರಿಸಿಕೊಳ್ಳಿ, ನನ್ನ ಕೈ ಮುಗಿಯಿತು" ಎಂದು ದೊಡ್ಡಮ್ಮ ಬಾಗಿಲ ಕಡೆ ಮುಖ ಮಾಡಿ ಕುಳಿತರು. ಅವರ ಬಲ ಭುಜ ನೋಯುತ್ತಿರುವುದು ನಮಗೆ ತಿಳಿದದ್ದು ಅಂದೇ.

ಅಕ್ಕನ ಮಗಳನ್ನು ತಲಶ್ಶೇರಿಗೆ ಕೊಟ್ಟಿದ್ದೇವೆ. ಅವಳ ಅತ್ತೆ ಪ್ರತಿ ಡಿಸೆಂಬರ್‌ನಲ್ಲಿ ಮನೆಯಲ್ಲೇ ಹತ್ತಾರು ಕಿಲೋ ಕೇಕು ಮಾಡುತ್ತಾರೆಂದು ಕೇಳಿದ್ದೆ. ನೋಡಿಯೇ ಬರೋಣವೆಂದು ಕಾಸರಗೋಡಿನಲ್ಲಿ ಬೆಳಗಿನ ಗಾಡಿ ಹತ್ತಿದೆ.

ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿಗೆ ಚಂದ್ರಗಿರಿ ಹೊಳೆ. ಅದನ್ನು ದಾಟಿದರೆ ಮಾತು ಬದಲಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡೂ ಕೇರಳಕ್ಕೆ ಸೇರಿದ ಮೇಲೆ ಎರಡೂ ಮಾತು ನಮಗೆ ಅಭ್ಯಾಸವಾಗಿದೆ. ಕಾಞಂಗಾಡು, ಪಯ್ಯನ್ನೂರು, ಕಣ್ಣೂರು ಕಳೆದು, ಧರ್ಮಡದ ನೀರು ತೆಂಗುಗಳ ನಡುವೆ ಹೊಳೆಯುತ್ತಿದ್ದಂತೆ ತಲಶ್ಶೇರಿ ಬಂತು.

ಈ ಊರಿಗೂ ಕೇಕಿಗೂ ಹಳೆಯ ನಂಟು. ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ಇಲ್ಲಿ ಬಿಸ್ಕತ್ತಿನ ಕಾರ್ಖಾನೆ ತೆರೆದರು. 1883ರ ಕ್ರಿಸ್ಮಸ್ ಹೊತ್ತಿಗೆ ಅಂಜರಕಂಡಿಯ ದಾಲ್ಚಿನ್ನಿ ತೋಟದ ಮರ್ಡಾಕ್ ಬ್ರೌನ್ ಸಾಹೇಬರು ವಿಲಾಯತಿಯ ಪ್ಲಮ್ ಕೇಕೊಂದನ್ನು ತಂದು ರುಚಿ ತೋರಿಸಿ, ಇಂಥದ್ದು ಮಾಡಬಲ್ಲೆಯಾ ಎಂದರಂತೆ. ಬಾಪು ಧರ್ಮಡದ ಕಮ್ಮಾರನಿಂದ ಅಚ್ಚು ಮಾಡಿಸಿದರು. ಬ್ರಾಂದಿಯ ಬದಲು ಗೇರುಹಣ್ಣು, ಬಾಳೆಹಣ್ಣುಗಳ ನಾಡು ಮದ್ಯ ಬೆರೆಸಿದರು. ಸಾಹೇಬರು ತಿಂದು ಮೆಚ್ಚಿ ಇನ್ನೊಂದು ಡಜನ್ ಮಾಡಲು ಹೇಳಿದರು ಎಂಬುದು ಊರವರು ಹೆಮ್ಮೆಯಿಂದ ಹೇಳುವ ಕತೆ. ನಮ್ಮ ದೇಶದವರೊಬ್ಬರು ಮಾಡಿದ ಮೊದಲ ಕ್ರಿಸ್ಮಸ್ ಕೇಕು ಇದೇ ಎಂದು ಅವರ ನಂಬಿಕೆ.

ಎಲ್ಲರೂ ಅಮ್ಮಚ್ಚಿ ಎಂದು ಕರೆಯುವ ಆ ಅತ್ತೆಯ ಮನೆ ಕೋಟೆಯಿಂದ ದೂರವಿಲ್ಲ. ದೊಡ್ಡ ಯಂತ್ರ ಇರಬಹುದೆಂದು ಅಡುಗೆಮನೆಗೆ ಇಣುಕಿದೆ. ಕಂಡದ್ದು ನಾಲ್ಕು ಸ್ಟೀಲ್ ಪಾತ್ರೆ, ನಾಲ್ಕು ಮರದ ಸಟ್ಟುಗ, ಒಂದು ತಕ್ಕಡಿ! ನಮ್ಮ ಮನೆಯ ಕತೆ ಕೇಳಿ ಅಮ್ಮಚ್ಚಿ ನಕ್ಕರು. "ಮೋಳೆ, ಬಾಪು ಒಂದು ಡಜನ್ ಮಾಡುವ ಮೊದಲು ಒಂದನ್ನು ಸರಿಯಾಗಿ ಮಾಡಿದ. ನೀವು 32 ಕೇಕನ್ನು ಒಂದೇ ಕೇಕು ಮಾಡಲು ಹೊರಟಿರಿ" ಎಂದರು.

ಅವರ ಕ್ರಮ ಇದು. ಬೆಣ್ಣೆ, ಸಕ್ಕರೆ, ಮೈದಾ ತಲಾ 1 ಕಿಲೋ, ಮೊಟ್ಟೆ 20. ಒಂದು ಪಾತ್ರೆಗೆ ಇಷ್ಟೇ. ಮೊಟ್ಟೆ, ಬೆಣ್ಣೆ ಎರಡನ್ನೂ ಮುಂಚೆಯೇ ಹೊರಗಿಟ್ಟು ತಣ್ಣಗಿನ ಗುಣ ಬಿಡಿಸಬೇಕು. ಬೆಣ್ಣೆ, ಸಕ್ಕರೆ ಬಿಳುಪೇರಿ ಹಗುರಾಗುವವರೆಗೆ ತಿರುವಬೇಕು. ಮೊಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಒಡೆಯುವ ಸೂಚನೆ ಕಂಡರೆ ಒಂದು ಚಮಚ ಮೈದಾ ಹಾಕಿದರೆ ಸರಿಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹಿಟ್ಟಿನ ಬಣ್ಣ ಕಂದುತ್ತದೆ. ಬೇಕಿಂಗ್ ಪೌಡರ್ ಬೆರೆಸಿ ಜರಡಿ ಹಿಡಿದ ಮೈದಾವನ್ನು ನಾಲ್ಕು ಪೊಟ್ಟಣ ಕಟ್ಟಿಡಬೇಕು. ಓವನ್ ಖಾಲಿಯಾಗುವ ಹೊತ್ತಿಗೇ ಪೊಟ್ಟಣ ಬಿಚ್ಚಬೇಕು, ಏಕೆಂದರೆ ಒದ್ದೆಯಾದ ಕ್ಷಣದಿಂದಲೇ ಆ ಪುಡಿ ಕೆಲಸ ಆರಂಭಿಸುತ್ತದೆ. ಮೈದಾ ಹಾಕಿದ ಮೇಲೆ ಹೆಚ್ಚು ತಿರುವಿದರೆ ಕೇಕು ಗಟ್ಟಿ. ಹಣ್ಣಿನ ಚೂರುಗಳನ್ನು ಮೈದಾದಲ್ಲಿ ಹೊರಳಿಸಿ ಹಾಕಬೇಕು.

"ಇಷ್ಟೆಲ್ಲ ನೀವೊಬ್ಬರೇ ಮಾಡುತ್ತೀರಾ?" ಎಂದೆ.

"ಒಬ್ಬಳೇ ಮಾಡುತ್ತಿದ್ದ ಕಾಲದಲ್ಲಿ ನನ್ನ ಕೈಯೂ ಹೋಗಿತ್ತು" ಎಂದು ಅವರು ಮಣಿಕಟ್ಟು ತೋರಿಸಿದರು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ನೆರೆಮನೆಯ ಮೂವರು ಚೇಚಿಯರು ಸೆರಗು ಸಿಕ್ಕಿಸಿಕೊಂಡು ಒಳಬಂದರು. ಅವರಲ್ಲಿ ಒಬ್ಬರು ತಲೆಗೆ ತಟ್ಟ ಹಾಕಿಕೊಂಡಿದ್ದ ಮುಸ್ಲಿಮ್ ಹೆಂಗಸು. ಸಂಜೆಯ ಗಾಡಿಯಲ್ಲಿ ಮರಳುವಾಗ ನನ್ನ ಚೀಲದಲ್ಲಿ ಒಂದು ಕೇಕು, ಮನಸ್ಸಿನಲ್ಲಿ ನಾಲ್ಕು ಪಾತ್ರೆ.

ಈ ಸಲ ನಮ್ಮ ಮನೆಯಲ್ಲಿ ಹಾಗೆಯೇ ಮಾಡಿದೆವು. ವಾಳೆಯ ನಾಲ್ವರು ನಾಲ್ಕು ಪಾತ್ರೆ ಹಿಡಿದೆವು. ನೆರೆಮನೆಯವರು ತಮ್ಮ ಓವನನ್ನೂ ಬಿಟ್ಟುಕೊಟ್ಟರು. ಎರಡರಲ್ಲೂ ನಾಲ್ಕು ನಾಲ್ಕು ಅಚ್ಚು, ಒಂದು ಪಾತ್ರೆಗೆ ಎಂಟು ಕೇಕು, ನಾಲ್ಕು ಸರದಿ. ದೊಡ್ಡಮ್ಮ ಮೊದಲು ಬರುವುದಿಲ್ಲವೆಂದರು. ತಕ್ಕಡಿ ಯಾರು ಹಿಡಿಯುವುದು ಎಂದು ಕೇಳಿದಾಗ ಎದ್ದು ಬಂದರು. ಸಟ್ಟುಗ ಮುಟ್ಟಲಿಲ್ಲ. ಆದರೆ ಪ್ರತಿ ಪಾತ್ರೆಯ ಹಿಟ್ಟನ್ನೂ ಬಗ್ಗಿ ನೋಡಿ, "ಈಗ ಸಾಕು, ಇನ್ನು ತಿರುವಬೇಡ" ಎಂದವರು ಅವರೇ. ಅವರು ಸಾಕೆಂದ ಮೇಲೆ ಒಂದು ಸುತ್ತೂ ಹೆಚ್ಚಿಲ್ಲ.

ಸಂಜೆಗೆ 32 ಕೇಕು ಸಿದ್ಧ. ಒಂದೂ ಕುಸಿದಿರಲಿಲ್ಲ. ಕಳೆದ ಮಳೆಗಾಲದಲ್ಲಿ ಗಂಡನನ್ನು ಕಳೆದುಕೊಂಡ ನಮ್ಮ ನೆಂಟರ ಮನೆಗೆ ಮಾತ್ರ ದೊಡ್ಡಮ್ಮ ಬೇರೆಯವರ ಕೈಯಲ್ಲಿ ಕಳುಹಿಸಲಿಲ್ಲ. ಎಡಗೈಯಲ್ಲಿ ಪೊಟ್ಟಣ ಹಿಡಿದು ತಾವೇ ಗುಡ್ಡೆ ಇಳಿದು ಹೋದರು.

ಮುಂದಿನ ಕ್ರಿಸ್ಮಸ್‌ಗೆ ಹೆಚ್ಚು ಕೇಕು ಮಾಡುವ ಆಲೋಚನೆ ನಿಮಗಿದ್ದರೆ ದೊಡ್ಡ ಪಾತ್ರೆ ಹುಡುಕಬೇಡಿ. ಮೊದಲು ನೆರೆಮನೆಯ ಬಾಗಿಲು ತಟ್ಟಿ.