ನಾಟಕ ಮುಗಿದ ಮೇಲೆ ಹತ್ತು ನಿಮಿಷ

ಹಲಸೂರಿನ ನಮ್ಮ ಮನೆಯಲ್ಲಿ ಮಾತಾಡೋದು ತಮಿಳು, ಬೀದಿಗಿಳಿದರೆ ಕನ್ನಡ, ಶಿವಾಜಿನಗರದ ಬಸ್ ಹತ್ತಿದರೆ ಸ್ವಲ್ಪ ಉರ್ದೂನೂ ಬೇಕು. 1809ರಲ್ಲಿ ಬ್ರಿಟಿಷರು ಇಲ್ಲಿಗೆ ದಂಡು ತಂದಾಗಿನಿಂದ ಈ ಕಡೆ ಹೀಗೇ. ಇಂಥ ಮನೆಯಿಂದ ನಮ್ಮಕ್ಕ ಕನ್ನಡ ನಾಟಕ ಕಲಿಯೋಕೆ ಹೋಗ್ತೀನಿ ಅಂದಳು. ಬಿಕಾಂ ಮುಗಿಸಿ ಇಂದಿರಾನಗರದ ಒಂದು ಆಫೀಸಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದಳು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅದು ಮುಗಿದ ಮೇಲೆ ಏನು ಕೆಲಸ ಸಿಗತ್ತೆ?" ಪ್ಲೇಸ್‌ಮೆಂಟ್ ಸೀಸನ್ ನೋಡ್ತಾ ಇರೋ ನಮಗೆ ಆ ಪ್ರಶ್ನೆ ಹೊಸದೇನಲ್ಲ ಬಿಡಿ.

ಅವಳು ಹೋಗಿದ್ದು ಸಾಗರದ ಹತ್ತಿರದ ಹೆಗ್ಗೋಡಿಗೆ, ನೀನಾಸಂಗೆ. ಪೂರ್ತಿ ಹೆಸರು ನೀಲಕಂಠೇಶ್ವರ ನಾಟ್ಯಸೇವಾ ಸಂಘ. 1949ರಲ್ಲಿ ಊರಿನವರೇ ಸೇರಿ ಕಟ್ಟಿದ್ದು. ಮೈಸೂರಿನಲ್ಲಿ ಓದಿ, ಊರಿಗೆ ವಾಪಸ್ ಬಂದು ಅಡಿಕೆ ತೋಟ ನೋಡಿಕೊಂಡಿದ್ದ ಕೆ. ವಿ. ಸುಬ್ಬಣ್ಣ ಅದನ್ನು ಬೆಳೆಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಂಗಶಿಕ್ಷಣ ಕೇಂದ್ರ ಶುರುವಾಗಿದ್ದು 1980ರಲ್ಲಿ. ಅಲ್ಲೇ ಇದ್ದು ಓದೋ ಒಂದು ವರ್ಷದ ಕೋರ್ಸು. ಒಂದು ವರ್ಷದ ವಿದ್ಯಾರ್ಥಿಗಳೆಲ್ಲ ಸೇರಿದರೂ ನಮ್ಮ ಒಂದು ಲ್ಯಾಬ್ ಬ್ಯಾಚಿನಷ್ಟು ಜನ.

ಸೆಮ್ ರಜೆಯಲ್ಲಿ ನಾನು ತಾಳಗುಪ್ಪ ರೈಲು ಹತ್ತಿ ಎರಡು ದಿನಕ್ಕೆ ಹೋಗಿದ್ದೆ. ಅಕ್ಕ ಸ್ಟೇಜ್ ಮೇಲೆ ಡೈಲಾಗ್ ಹೇಳ್ತಾ ಇರ್ತಾಳೆ ಅಂದುಕೊಂಡಿದ್ದೆ. ಅವಳು ಹಲಗೆಗೆ ಮೊಳೆ ಹೊಡೀತಿದ್ದಳು. ಬೆಳಗ್ಗೆ ಕಸ ಗುಡಿಸಿದವನು ಮಧ್ಯಾಹ್ನ ರಾಜ, ಸಂಜೆ ಇನ್ನೊಬ್ಬರ ದೃಶ್ಯಕ್ಕೆ ಲೈಟ್ ಹಿಡಿಯೋನು. "ಇದರಲ್ಲಿ ನಿನ್ನ ಕೆಲಸ ಯಾವುದು?" ಅಂತ ಅಕ್ಕನ್ನ ಕೇಳಿದೆ. ಅವಳು ಸ್ವಲ್ಪ ಯೋಚನೆ ಮಾಡಿ, "ನಾಟಕ" ಅಂದಳು.

ಭಾಷೆ ಅವಳಿಗೆ ಸುಲಭಕ್ಕೆ ಬರಲಿಲ್ಲ. ತಮಿಳಿನಲ್ಲಿ ಮಹಾಪ್ರಾಣದ ಅಕ್ಷರಗಳಿಲ್ಲ, ಹಾಗಾಗಿ ಅವಳ ಭೀಮ ಯಾವಾಗಲೂ 'ಬೀಮ', ಧರ್ಮ 'ದರ್ಮ'. ಜೊತೆಯವರು ಮೊದಮೊದಲು ನಕ್ಕರಂತೆ. ಆಮೇಲೆ ರಾಯಚೂರು ಕಡೆಯ ಒಬ್ಬ ಹುಡುಗ ದಿನಾ ಬೆಳಗ್ಗೆ ಅವಳ ಜೊತೆ ಕೂತು ಭ, ಧ, ಘ ಹೇಳಿಸಿದ. ಬದಲಿಗೆ ಅವಳು ಅವನಿಗೆ ಖರ್ಚಿನ ಲೆಕ್ಕ ಬರೆಯೋದು ಕಲಿಸಿದಳು. ಪಕ್ಕದವನ ಮಾತು ಕೆಟ್ಟರೆ ದೃಶ್ಯವೇ ಕೆಡತ್ತೆ, ಅದಕ್ಕೇ ಯಾರನ್ನೂ ಹಿಂದೆ ಬಿಡೋ ಹಾಗಿಲ್ಲ ಅಂತಾಳೆ.

ಈಗ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ನೆನಪು ಮಾಡಿಕೊಳ್ಳಿ. ರಿಪೋರ್ಟಿನ ಮೇಲೆ ನಾಲ್ಕು ಹೆಸರು. ಕೋಡ್ ಒಬ್ಬರದು, ಪಿಪಿಟಿ ಒಬ್ಬರದು, ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸೋದು ಒಬ್ಬರದು, ನಾಲ್ಕನೆಯವರು ವೈವಾ ದಿನ ಶರ್ಟ್ ಇಸ್ತ್ರಿ ಮಾಡಿಕೊಂಡು ಬರ್ತಾರೆ. ಯಾರೂ ಕೆಟ್ಟವರಲ್ಲ. ಮಾರ್ಕ್ಸ್ ಒಬ್ಬೊಬ್ಬರಿಗೇ ಬರೋದು, ಪಕ್ಕದವರಿಗೆ ಅರ್ಥವಾಯಿತಾ ಅಂತ ಕಾಯೋಕೆ ಯಾರಿಗೂ ಪುರುಸೊತ್ತಿಲ್ಲ. ಹೆಗ್ಗೋಡಿನಿಂದ ಬಂದ ಮೇಲೆ ನಮ್ಮ ಟೀಮಿನಲ್ಲಿ ಒಂದು ನಿಯಮ ಮಾಡಿಕೊಂಡ್ವಿ: ಪ್ರತಿ ರಿವ್ಯೂನಲ್ಲಿ ಅವರವರು ಮಾಡದ ಭಾಗವನ್ನೇ ವಿವರಿಸಬೇಕು. ಕೆಲಸ ಎರಡು ವಾರ ಹಿಂದೆ ಬಿತ್ತು. ಆದರೆ ಸರ್ಕಿಟ್ ಸುಟ್ಟು ಹೋದ ರಾತ್ರಿ ನಾಲ್ಕೂ ಜನಕ್ಕೆ ಎಲ್ಲಿ ನೋಡಬೇಕು ಅಂತ ಗೊತ್ತಿತ್ತು.

ಕೋರ್ಸ್ ಮುಗಿದ ಮೇಲೆ ಅಕ್ಕನಿಗೆ ಹಳೇ ಆಫೀಸಿನಿಂದ ಫೋನ್ ಬಂತು, ಸಂಬಳ ಮೊದಲಿಗಿಂತ ಜಾಸ್ತಿ. ಅವಳು ತಿರುಗಾಟಕ್ಕೆ ಸೇರಿದಳು. 1985ರಿಂದ ನಾಟಕ ಹೊತ್ತುಕೊಂಡು ಊರೂರು ಸುತ್ತುತ್ತಿರುವ ನೀನಾಸಂ ತಂಡ ಅದು. ಅಪ್ಪ ಆ ಪ್ರಶ್ನೆಯನ್ನು ಇನ್ನೂ ಬಿಟ್ಟಿಲ್ಲ. ಮದುವೆ, ಪಿಎಫ್, ಅಮ್ಮನ ಮಾತ್ರೆ ಖರ್ಚು, ಇವೆಲ್ಲ ನಿಜವೇ. ಅಕ್ಕನ ಹತ್ತಿರ ಅದಕ್ಕೆ ಉತ್ತರ ಇಲ್ಲ. ನನ್ನ ಹತ್ತಿರಾನೂ ಇಲ್ಲ.

ತಿರುಗಾಟ ನಿಮ್ಮೂರಿನ ಕಡೆ ಬಂದರೆ ತಪ್ಪದೇ ಹೋಗಿ. ನಾಟಕ ಮುಗಿದ ತಕ್ಷಣ ಎದ್ದು ಬರಬೇಡಿ, ಇನ್ನೂ ಹತ್ತು ನಿಮಿಷ ಕೂತಿರಿ. ಈಗಷ್ಟೇ ಚಪ್ಪಾಳೆ ತಗೊಂಡ ರಾಜ ಕಿರೀಟ ತೆಗೆದಿಟ್ಟು, ಟ್ರಂಕಿನ ಒಂದು ತುದಿ ಹಿಡೀತಾನೆ. ಇನ್ನೊಂದು ತುದಿಯಲ್ಲಿ ನಮ್ಮಕ್ಕ ಇದ್ದರೂ ಇರಬಹುದು.